ಧೂಮಪಾನದ ಚಟ, ಮೆದುಳು ಮತ್ತು ಸಾವಧಾನ ಧ್ಯಾನ



ಧೂಮಪಾನ ಆರೋಗ್ಯಕ್ಕೆ ಹಾನಿಕರ ಎಂಬ ಮಾತನ್ನು ನೀವು ನೂರಾರು ಸಲ ಕೇಳಿದ್ದೀರಿ. ಚಲನಚಿತ್ರ ಆರಂಭವಾಗುವ ಮೊದಲು ಕೇಳಿದ್ದೀರಿ, ಸಿಗರೇಟಿನ ಪೊಟ್ಟಣದ ಮೇಲೆ ಓದಿದ್ದೀರಿ, ಪಾಠದಲ್ಲಿ ಕಲಿತಿದ್ದೀರಿ. ಆದ್ದರಿಂದ ಅದೇ ಮಾತನ್ನು ಮತ್ತೊಮ್ಮೆ ಹೇಳುವುದು ನನ್ನ ಉದ್ದೇಶವಲ್ಲ. ಅದರ ಮುಂದಿನ ಪ್ರಶ್ನೆಯೊಂದನ್ನು ಇಂದು ನಿಮ್ಮೊಡನೆ ವಿಚಾರ ಮಾಡಬಯಸುತ್ತೇನೆ. ಹಾನಿಯೆಂದು ಚೆನ್ನಾಗಿ ಬಲ್ಲವರೂ ಸಿಗರೇಟನ್ನು ಏಕೆ ಬಿಡಲಾರರು? ಬಿಡಲು ಹೊರಟವರ ಮೆದುಳಿನಲ್ಲಿ ಏನು ನಡೆಯುತ್ತದೆ? ಸುಮ್ಮನೆ ಕುಳಿತು ಉಸಿರನ್ನು ಗಮನಿಸುವಂಥ ಒಂದು ಸರಳ ಅಭ್ಯಾಸ ಅವರಿಗೆ ನಿಜವಾಗಿ ನೆರವಾಗಬಲ್ಲದೇ?

ಇದು ಕೆಲವರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. 2016-17ರಲ್ಲಿ ನಮ್ಮ ದೇಶದಲ್ಲಿ ನಡೆದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ, 15 ವರ್ಷ ದಾಟಿದವರಲ್ಲಿ ಶೇಕಡಾ 10.7 ಮಂದಿ ಬೀಡಿಯನ್ನೋ ಸಿಗರೇಟನ್ನೋ ಸೇದುತ್ತಿದ್ದರು. ಅಂದರೆ ಸುಮಾರು ಹತ್ತು ಕೋಟಿ ಜನ. ಗಮನಿಸಬೇಕಾದ ಸಂಗತಿಯೆಂದರೆ, ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಅದನ್ನು ಬಿಡುವ ಆಲೋಚನೆಯಲ್ಲಿದ್ದರು. ಬಿಡಬೇಕೆಂಬ ಮನಸ್ಸಿದೆ, ಆದರೆ ಬಿಡಲಾಗುತ್ತಿಲ್ಲ. ಇಂಥವರನ್ನು ನಾವು ಸಾಮಾನ್ಯವಾಗಿ ಏನೆನ್ನುತ್ತೇವೆ? 'ಅವನಿಗೆ ಮನಸ್ಸು ಗಟ್ಟಿಯಿಲ್ಲ' ಎನ್ನುತ್ತೇವೆ. ನಿಮ್ಮ ಮನೆಯಲ್ಲೇ ತಂದೆಯನ್ನೋ ಅಣ್ಣನನ್ನೋ ಕುರಿತು ಈ ಮಾತು ಬಂದಿರಬಹುದು. ಮೆದುಳಿನ ವಿಜ್ಞಾನ ಈ ಮಾತನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಏಕೆಂದು ನೋಡೋಣ.

ತಂಬಾಕಿನಲ್ಲಿರುವ ನಿಕೋಟಿನ್ ಎಂಬ ರಾಸಾಯನಿಕವೇ ಈ ಕಥೆಯ ನಾಯಕ, ಖಳನಾಯಕ ಎಲ್ಲವೂ. ಹೊಗೆಯನ್ನು ಎಳೆದುಕೊಂಡಾಗ ಅದು ಶ್ವಾಸಕೋಶದಿಂದ ರಕ್ತಕ್ಕೆ ಇಳಿದು, ಹತ್ತು ಇಪ್ಪತ್ತು ಸೆಕೆಂಡುಗಳಲ್ಲಿ ಮೆದುಳನ್ನು ತಲುಪುತ್ತದೆ. ನಮ್ಮ ನರಕೋಶಗಳು ಒಂದರೊಡನೊಂದು ಸಂಭಾಷಿಸಲು ಹಲವು ರಾಸಾಯನಿಕ ದೂತರನ್ನು ಬಳಸುತ್ತವೆ. ಅಂಥ ದೂತರಲ್ಲಿ ಅಸಿಟೈಲ್‌ಕೋಲಿನ್ ಒಂದು. ಅದನ್ನು ಬರಮಾಡಿಕೊಳ್ಳಲು ನರಕೋಶಗಳ ಮೈಮೇಲೆ ಗ್ರಾಹಕಗಳೆಂಬ ಬಾಗಿಲುಗಳಿವೆ. ಬಾಗಿಲ ಬೀಗಕ್ಕೆ ಅಸಿಟೈಲ್‌ಕೋಲಿನ್ ನಿಜವಾದ ಕೀಲಿಕೈಯಾದರೆ, ನಿಕೋಟಿನ್ ಕಳ್ಳ ಕೀಲಿಕೈ. ಆಕಾರದಲ್ಲಿ ಹೋಲಿಕೆಯಿರುವುದರಿಂದ ಅದೂ ಬೀಗ ತೆಗೆಯುತ್ತದೆ.

'ಒಂದೇ ಒಂದು ದಮ್ಮು ಎಳೆದರೆ ಏನಾದೀತು?' ಎಂದು ಗೆಳೆಯರು ಹೇಳುವುದುಂಟು. ಅಮೆರಿಕದ ಲಾಸ್ ಏಂಜಲಿಸ್‌ನ ವಿಜ್ಞಾನಿಗಳು 2006ರಲ್ಲಿ ಇದನ್ನೇ ಅಳೆದು ನೋಡಿದರು. ಧೂಮಪಾನಿಗಳು ಒಂದೆರಡು ದಮ್ಮು ಎಳೆದಾಗಲೇ ಅವರ ಮೆದುಳಿನ ಒಂದು ಮುಖ್ಯ ಬಗೆಯ ಗ್ರಾಹಕಗಳಲ್ಲಿ ಅರ್ಧದಷ್ಟನ್ನು ನಿಕೋಟಿನ್ ಆಕ್ರಮಿಸಿತು, ಮತ್ತು ಆ ಆಕ್ರಮಣ ಸುಮಾರು ಮೂರು ಗಂಟೆ ಕಾಲ ಉಳಿಯಿತು. ಪೂರ್ತಿ ಒಂದು ಸಿಗರೇಟು ಸೇದಿದಾಗ ಶೇಕಡಾ 88ಕ್ಕೂ ಹೆಚ್ಚು ಗ್ರಾಹಕಗಳು ಅದರ ವಶವಾದವು. ಒಂದು ದಮ್ಮು ಎಂಬುದು ನಾಲಿಗೆಗೆ ಸಣ್ಣದು, ಮೆದುಳಿಗೆ ಸಣ್ಣದಲ್ಲ.

ಹೀಗೆ ದಿನದಿನವೂ ಕಳ್ಳ ಕೀಲಿಕೈ ಬಂದು ಬಾಗಿಲು ತೆರೆಯುತ್ತಿದ್ದರೆ ಮೆದುಳು ಸುಮ್ಮನಿರುತ್ತದೆಯೇ? ಅದು ಹೊಂದಿಕೊಳ್ಳುತ್ತದೆ. ಗ್ರಾಹಕಗಳು ಕೆಲಕಾಲ ಮರಗಟ್ಟುತ್ತವೆ, ಅವುಗಳ ಸಂಖ್ಯೆಯೂ ಹೆಚ್ಚುತ್ತದೆ. ರಾತ್ರಿ ಮಲಗಿದಾಗ ನಿಕೋಟಿನ್ ರಕ್ತದಿಂದ ಬಹುಮಟ್ಟಿಗೆ ಹೊರಟುಹೋಗುತ್ತದೆ. ಬೆಳಗಾಗುವಾಗ ಹೆಚ್ಚಿಕೊಂಡ ಅಷ್ಟೂ ಗ್ರಾಹಕಗಳು ಮರಿಹಕ್ಕಿಗಳಂತೆ ಬಾಯಿ ತೆರೆದು ಕುಳಿತಿರುತ್ತವೆ. ಎದ್ದ ಕೂಡಲೇ ಸಿಗರೇಟು ಹುಡುಕುವವನ ಚಟ ಆಳವಾದದ್ದೆಂದು ವೈದ್ಯರು ಗುರುತಿಸುವುದು ಇದರಿಂದಲೇ. ಸಿಗರೇಟು ಸಿಗದಿದ್ದರೆ ಸಿಡುಕು, ಚಡಪಡಿಕೆ, ನಿದ್ದೆಗೇಡು, ಏಕಾಗ್ರತೆಯ ಕೊರತೆ ಕಾಡುತ್ತವೆ. ಈ ತೊಂದರೆ ಬಿಟ್ಟ ಮೊದಲ ಎರಡು ಮೂರು ದಿನಗಳಲ್ಲಿ ತೀವ್ರವಾಗಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಸಂತೋಷದ ಸಂಗತಿಯೆಂದರೆ, ಸೇದುವುದನ್ನು ನಿಲ್ಲಿಸಿದ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಗ್ರಾಹಕಗಳ ಸಂಖ್ಯೆ ಸೇದದವರ ಮಟ್ಟಕ್ಕೆ ಮರಳುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಮೆದುಳು ಕೆಟ್ಟದ್ದನ್ನು ಕಲಿಯುವಂತೆ ಅದನ್ನು ಮರೆಯಲೂ ಬಲ್ಲದು.

ಹಾಗಿದ್ದರೆ ಮೂರು ತಿಂಗಳು ತಡೆದರೆ ಗೆದ್ದಂತೆಯೇ? ಅಷ್ಟು ಸರಳವಲ್ಲ. ವರ್ಷಗಟ್ಟಲೆ ಬಿಟ್ಟವರೂ ಒಂದು ಸಂಜೆ ಹಳೆಯ ಗೆಳೆಯರ ಜೊತೆ ಮತ್ತೆ ಹಚ್ಚಿದ ಉದಾಹರಣೆಗಳು ಬೇಕಾದಷ್ಟಿವೆ. ಇದಕ್ಕೆ ಕಾರಣ ಕಲಿಕೆ. ನಿಕೋಟಿನ್ ಮೆದುಳಿನ ಆಳದಲ್ಲಿ ಡೋಪಮಿನ್ ಎಂಬ ಇನ್ನೊಂದು ರಾಸಾಯನಿಕವನ್ನು ಚಿಮ್ಮಿಸುತ್ತದೆ. 'ಇದು ಬೇಕಾದದ್ದು, ನೆನಪಿಟ್ಟುಕೋ' ಎಂದು ಮೆದುಳಿಗೆ ಗುರುತು ಹಾಕಿಕೊಡುವುದು ಡೋಪಮಿನ್ನಿನ ಕೆಲಸಗಳಲ್ಲೊಂದು. ರಷ್ಯದ ವಿಜ್ಞಾನಿ ಪಾವ್ಲೋವ್ ನಾಯಿಗಳ ಮೇಲೆ ಮಾಡಿದ ಪ್ರಯೋಗವನ್ನು ನೀವು ಓದಿದ್ದೀರಿ. ಊಟಕ್ಕೆ ಮೊದಲು ಒಂದು ಸದ್ದನ್ನು ಮತ್ತೆ ಮತ್ತೆ ಕೇಳಿಸಿದರೆ, ಕೊನೆಗೆ ಬರೀ ಆ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ. ಧೂಮಪಾನಿಗೆ ಆ ಸದ್ದು ಯಾವುದು? ಬಿಸಿ ಚಹಾದ ಲೋಟ. ಊಟ ಮುಗಿದ ಹೊತ್ತು. ಗೂಡಂಗಡಿಯ ಮುಂದೆ ದಾರದಲ್ಲಿ ಜೋತಾಡುವ ಲೈಟರು. ಪರೀಕ್ಷೆಯ ಹಿಂದಿನ ರಾತ್ರಿಯ ಆತಂಕ. ಇವನ್ನು ಕಂಡೊಡನೆ, ಅನುಭವಿಸಿದೊಡನೆ ಒಳಗೆ ತುಡಿತ ಏಳುತ್ತದೆ. ತುಡಿತ ಎದ್ದೊಡನೆ ಕೈ ಜೇಬಿಗೆ ಹೋಗುತ್ತದೆ. ಸೇದಿದೊಡನೆ ತುಡಿತ ಶಮನವಾಗುತ್ತದೆ. ಪ್ರತಿಸಲ ಹೀಗೆ ಶಮನವಾದಾಗಲೂ ಆ ಗಂಟು ಇನ್ನಷ್ಟು ಬಿಗಿಯಾಗುತ್ತದೆ.

ಇಲ್ಲೊಂದು ಮೋಸವಿದೆ. 'ಸಿಗರೇಟು ಸೇದಿದರೆ ನನಗೆ ನೆಮ್ಮದಿ' ಎಂದು ಧೂಮಪಾನಿ ಹೇಳುತ್ತಾನೆ. ಆದರೆ ಆ ನೆಮ್ಮದಿಯ ಬಹುಭಾಗ, ಹಿಂದಿನ ಸಿಗರೇಟಿನ ಪ್ರಭಾವ ಇಳಿದಾಗ ಹುಟ್ಟಿದ ಚಡಪಡಿಕೆ ಹೋದದ್ದರಿಂದ ಬಂದದ್ದು. ಬಿಗಿಯಾದ ಚಪ್ಪಲಿಯನ್ನು ಕಳಚಿದಾಗ ಆಗುವ ಹಿತಕ್ಕಾಗಿ ದಿನವೂ ಬಿಗಿ ಚಪ್ಪಲಿಯನ್ನೇ ಮೆಟ್ಟಿಕೊಂಡಂತೆ ಇದು.

ಈ ತುಡಿತ ಮೆದುಳಿನಲ್ಲಿ ಎಲ್ಲಿದೆ? 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಅಚ್ಚರಿಯ ಸುಳಿವು ಕೊಟ್ಟಿತು. ನಾಸಿರ್ ನಖ್ವಿ, ಆಂಟೊಯ್ನ್ ಬೆಶಾರಾ ಮತ್ತು ಅವರ ಸಂಗಡಿಗರು, ಪಾರ್ಶ್ವವಾಯು ಮುಂತಾದ ಕಾರಣಗಳಿಂದ ಮೆದುಳಿಗೆ ಪೆಟ್ಟಾಗಿದ್ದ 69 ಮಂದಿ ಧೂಮಪಾನಿಗಳನ್ನು ಪರಿಶೀಲಿಸಿದರು. ಮೆದುಳಿನ ಪಕ್ಕದ ಮಡಿಕೆಯೊಳಗೆ ಅಡಗಿರುವ ಇನ್ಸುಲಾ ಎಂಬ ಭಾಗಕ್ಕೆ ಪೆಟ್ಟಾಗಿದ್ದವರಲ್ಲಿ ಹಲವರು ಸಿಗರೇಟನ್ನು ಥಟ್ಟನೆ, ಏನೂ ಕಷ್ಟವಿಲ್ಲದೆ, ಮತ್ತೆ ಬೇಕೆನಿಸದ ಹಾಗೆ ಬಿಟ್ಟುಬಿಟ್ಟಿದ್ದರು. ಸೇದಬೇಕೆಂಬುದನ್ನು ತನ್ನ ಶರೀರವೇ ಮರೆತುಬಿಟ್ಟಿತು ಎಂಬರ್ಥದಲ್ಲಿ ಅವರಲ್ಲೊಬ್ಬ ಹೇಳಿದ. ಇನ್ಸುಲಾದ ಕೆಲಸವೇನು ಗೊತ್ತೇ? ಹೊಟ್ಟೆಯ ಹಸಿವು, ಎದೆಯ ಬಡಿತ, ಗಂಟಲಿನ ಬಿಗಿತ ಮುಂತಾದ ಶರೀರದೊಳಗಿನ ಸುದ್ದಿಗಳನ್ನು ಅರಿವಿಗೆ ತರುವುದು. ಎಂದಮೇಲೆ ತುಡಿತವೆಂಬುದು ಬರೀ ಆಲೋಚನೆಯಲ್ಲ. ಅದು ಮೈಯಲ್ಲಿ ಅನುಭವಕ್ಕೆ ಬರುವ ಒಂದು ಸಂವೇದನೆ. ಈ ಅಂಶವನ್ನು ನೆನಪಿನಲ್ಲಿಡಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಮೆದುಳಿಗೆ ಪೆಟ್ಟು ಮಾಡಿ ಚಟ ಬಿಡಿಸುವುದಂತೂ ಆಗದ ಮಾತು. ತುಡಿತವನ್ನು ಎದುರಿಸಲು ನಾವು ಸಾಮಾನ್ಯವಾಗಿ ಹಿಡಿಯುವ ದಾರಿ ಬುದ್ಧಿಯದು. 'ಇದರಿಂದ ಕ್ಯಾನ್ಸರ್ ಬರುತ್ತದೆ, ಬೇಡ' ಎಂದು ಮನಸ್ಸಿಗೆ ತಿಳಿಹೇಳುವುದು. ಇದೂ ಕೆಲಸ ಮಾಡುತ್ತದೆ. ಸೇದಿದರೆ ಮುಂದೆ ಆಗುವ ಹಾನಿಯನ್ನು ನೆನೆದುಕೊಳ್ಳಲು ಧೂಮಪಾನಿಗಳಿಗೆ ಹೇಳಿ ಮೆದುಳಿನ ಚಿತ್ರ ತೆಗೆದಾಗ, ಹಣೆಯ ಹಿಂದಿರುವ ಮುಂಭಾಗದ ತೊಗಟೆ ಚುರುಕಾಗಿ, ಆಳದಲ್ಲಿರುವ ಬಯಕೆಯ ಕೇಂದ್ರ ತಣ್ಣಗಾದದ್ದು 2010ರ ಒಂದು ಅಧ್ಯಯನದಲ್ಲಿ ಕಂಡುಬಂತು. ಮುಂಭಾಗದ ತೊಗಟೆ ಮೆದುಳಿನ ಬ್ರೇಕು ಇದ್ದಂತೆ. ಆದರೆ ಈ ಬ್ರೇಕಿಗೆ ಒಂದು ದೌರ್ಬಲ್ಯವಿದೆ. ನಿದ್ದೆಗೆಟ್ಟಾಗ, ಕೋಪ ಬಂದಾಗ, ಒತ್ತಡ ಹೆಚ್ಚಿದಾಗ ಅದು ಸಡಿಲವಾಗುತ್ತದೆ. ಸಿಗರೇಟು ಬೇಕೆನಿಸುವುದೂ ಇಂಥ ಹೊತ್ತಿನಲ್ಲೇ ಅಲ್ಲವೇ? ಇಳಿಜಾರಿನಲ್ಲೇ ಬ್ರೇಕು ಕೈಕೊಟ್ಟಂತಾಗುತ್ತದೆ. ಮನಸ್ಸು ಗಟ್ಟಿಯಿಲ್ಲವೆಂದು ನಾವು ಬೈಯುವುದು ಈ ಸ್ಥಿತಿಯನ್ನೇ.

ಎರಡನೆಯ ದಾರಿಯೊಂದಿದೆ. ಅದೇ ಸಾವಧಾನ ಧ್ಯಾನ. ಇಂಗ್ಲಿಷಿನಲ್ಲಿ ಮೈಂಡ್‌ಫುಲ್‌ನೆಸ್ ಎಂದು ಕರೆಯುವುದು ಇದನ್ನೇ. ಅವಧಾನವೆಂದರೆ ಗಮನ. ಅಷ್ಟಾವಧಾನ, ಶತಾವಧಾನಗಳನ್ನು ನೀವು ಕೇಳಿದ್ದೀರಿ. ಅಲ್ಲಿ ಅವಧಾನಿಯ ಗಮನ ಒಂದೇ ಸಮಯಕ್ಕೆ ಹಲವು ಕಡೆ ಇರಬೇಕು. ಇಲ್ಲಿ ಹಾಗಲ್ಲ. ಈ ಕ್ಷಣದಲ್ಲಿ ಮೈಯಲ್ಲಿ, ಮನಸ್ಸಿನಲ್ಲಿ ಏನು ನಡೆಯುತ್ತಿದೆಯೋ ಅದನ್ನು ಒಳ್ಳೆಯದು ಕೆಟ್ಟದ್ದೆನ್ನದೆ, ಓಡಿಸಲೂ ಹೋಗದೆ, ಹಿಡಿದುಕೊಳ್ಳಲೂ ಹೋಗದೆ ನೋಡುತ್ತಿರುವುದು, ಅಷ್ಟೇ. ಬೌದ್ಧ ಪರಂಪರೆಯಲ್ಲಿ ಇದಕ್ಕೆ ಎರಡು ಸಾವಿರ ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಇದನ್ನು ಮತಧರ್ಮದ ಚೌಕಟ್ಟಿನಿಂದ ಹೊರತೆಗೆದು, ದೀರ್ಘಕಾಲದ ನೋವಿನಿಂದ ಬಳಲುವ ರೋಗಿಗಳಿಗೆ ಒಂದು ಶಿಕ್ಷಣವಾಗಿ ರೂಪಿಸಿದರು. ಅಲ್ಲಿಂದ ಮುಂದೆ ವಿಜ್ಞಾನಿಗಳು ಇದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸತೊಡಗಿದರು.

ಚಟಗಳ ವಿಷಯದಲ್ಲಿ ಈ ದಾರಿ ತೋರಿಸಿದವರಲ್ಲಿ ಪ್ರಮುಖರು, ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಮನೋವಿಜ್ಞಾನಿ ಅಲನ್ ಮಾರ್ಲಟ್. ತುಡಿತವನ್ನು ಅವರು ಸಮುದ್ರದ ಅಲೆಗೆ ಹೋಲಿಸಿದರು. ಅಲೆ ಏಳುತ್ತದೆ, ಎತ್ತರಕ್ಕೆ ಹೋಗುತ್ತದೆ, ತಾನಾಗಿ ಒಡೆದು ಇಳಿಯುತ್ತದೆ. ಅಲೆಗೆ ಎದೆಯೊಡ್ಡಿ ನಿಂತವನನ್ನು ಅದು ಕೆಡವುತ್ತದೆ. ಅದರ ಮೇಲೆ ತೇಲುವುದನ್ನು ಕಲಿತವನು ದಡ ಸೇರುತ್ತಾನೆ. ಅವರೂ ಸಾರಾ ಬೋವೆನ್ ಅವರೂ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಾಲ್ಗೊಂಡವರು ನಿಮ್ಮಂಥವರೇ, ಕಾಲೇಜು ವಿದ್ಯಾರ್ಥಿಗಳು. ಧೂಮಪಾನ ಮಾಡುತ್ತಿದ್ದ 123 ಮಂದಿಯನ್ನು ಎರಡು ಗುಂಪು ಮಾಡಿ, ಇಬ್ಬರಲ್ಲೂ ಸಿಗರೇಟು ತೋರಿಸಿ ತುಡಿತ ಎಬ್ಬಿಸಲಾಯಿತು. ಒಂದು ಗುಂಪಿಗೆ ಅಲೆಯ ಮೇಲೆ ತೇಲುವ ಈ ಉಪಾಯವನ್ನು ಹೇಳಿಕೊಡಲಾಯಿತು. ಇನ್ನೊಂದು ಗುಂಪಿಗೆ ತಮಗೆ ತೋಚಿದಂತೆ ತಡೆದುಕೊಳ್ಳಲು ಬಿಡಲಾಯಿತು. ಮುಂದಿನ ಏಳು ದಿನ ಏನಾಯಿತು? ಉಪಾಯ ಕಲಿತವರು ಕಡಿಮೆ ಸಿಗರೇಟು ಸೇದಿದರು. ಆದರೆ ಸ್ವಾರಸ್ಯ ಇರುವುದು ಇಲ್ಲಿ: ಅವರ ತುಡಿತವೇನೂ ಇನ್ನೊಂದು ಗುಂಪಿನವರಿಗಿಂತ ಕಡಿಮೆಯಾಗಿರಲಿಲ್ಲ. ತುಡಿತ ಅಷ್ಟೇ ಇತ್ತು, ಅದಕ್ಕೆ ಕೈ ಓಗೊಡುವುದು ಕಡಿಮೆಯಾಯಿತು.

ಮಿತ್ರರೇ, ಇಂದಿನ ಮಾತಿನ ತಿರುಳು ಇದೇ. ಸಾವಧಾನ ಧ್ಯಾನ ತುಡಿತವನ್ನು ಕೊಲ್ಲುವುದಿಲ್ಲ. ತುಡಿತಕ್ಕೂ ಕೈಗೂ ನಡುವೆ ಇರುವ ಗಂಟನ್ನು ಸಡಿಲಿಸುತ್ತದೆ.

ಈ ಸಡಿಲಿಕೆಯನ್ನು ಮೆದುಳಿನಲ್ಲಿ ಕಾಣಬಹುದೇ? ಎಂ.ಆರ್.ಐ. ಯಂತ್ರದಲ್ಲಿ, ಮೆದುಳಿನ ಯಾವ ಭಾಗಕ್ಕೆ ಯಾವಾಗ ರಕ್ತ ಹೆಚ್ಚು ಹರಿಯುತ್ತದೆಂದು ನೋಡಿ ಯಾವ ಭಾಗ ಚುರುಕಾಗಿದೆಯೆಂದು ಊಹಿಸುವ ವಿಧಾನವಿದೆ. 2013ರಲ್ಲಿ ಪ್ರಕಟವಾದ ಸಿಸಿಲಿಯಾ ವೆಸ್ಟ್‌ಬ್ರೂಕ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಹನ್ನೆರಡು ಗಂಟೆ ಸಿಗರೇಟು ಮುಟ್ಟದೆ ಬಂದ 47 ಧೂಮಪಾನಿಗಳನ್ನು ಈ ಯಂತ್ರದೊಳಗೆ ಮಲಗಿಸಿ ಧೂಮಪಾನದ ಚಿತ್ರಗಳನ್ನು ತೋರಿಸಲಾಯಿತು. ಅವರಲ್ಲಿ ಯಾರಿಗೂ ಧ್ಯಾನದ ಪೂರ್ವಾನುಭವ ಇರಲಿಲ್ಲ. ಕೆಲವು ಚಿತ್ರಗಳನ್ನು ಸುಮ್ಮನೆ ನೋಡಿದರು. ಕೆಲವನ್ನು, ತಮ್ಮೊಳಗೆ ಏನಾಗುತ್ತಿದೆಯೆಂದು ಸಾವಧಾನದಿಂದ ಗಮನಿಸುತ್ತ ನೋಡಿದರು. ಸಾವಧಾನದಿಂದ ನೋಡಿದಾಗ ತುಡಿತ ಕಡಿಮೆಯೆನಿಸಿತೆಂದು ಅವರೇ ಹೇಳಿದರು. ಮೆದುಳಿನಲ್ಲಿಯೂ, ತುಡಿತದೊಡನೆ ಸಂಬಂಧವಿರುವ ಸಿಂಗ್ಯುಲೇಟ್ ಎಂಬ ಮಡಿಕೆಯ ಮುಂದಿನ ಕೆಳಭಾಗ ತಣ್ಣಗಾಯಿತು. ಅಷ್ಟು ಮಾತ್ರವಲ್ಲ, ಆ ಭಾಗಕ್ಕೂ ತುಡಿತದ ಇತರ ಕೇಂದ್ರಗಳಿಗೂ ನಡುವಿನ ಹೊಂದಾಣಿಕೆ ಕುಗ್ಗಿತು. ಭಜನೆಯ ಗುಂಪಿನಲ್ಲಿ ಎಲ್ಲರ ತಾಳ ಒಂದಾದಾಗ ಸದ್ದು ದೊಡ್ಡದಾಗುತ್ತದೆ. ತಾಳ ತಪ್ಪಿದರೆ ಹಾಡು ಮೇಲೇಳುವುದಿಲ್ಲ. ತುಡಿತದ ತಾಳ ಹೀಗೆ ತಪ್ಪಿತೆನ್ನಬಹುದು.

ಇನ್ನೊಂದು ಕೇಂದ್ರದ ಕಥೆಯನ್ನೂ ಹೇಳಬೇಕು. ನೀವು ತರಗತಿಯಲ್ಲಿ ಕುಳಿತು ಎಲ್ಲೋ ಕಳೆದುಹೋಗಿರುತ್ತೀರಿ. 'ನಾನು ಹೀಗೆ ಹೇಳಬೇಕಾಗಿತ್ತು, ಅವನು ನನಗೆ ಹಾಗೆಂದ' ಎಂದು ಮನಸ್ಸು ತನ್ನದೇ ಕಥೆ ಹೆಣೆಯುತ್ತಿರುತ್ತದೆ. ಆಗ ಮೆದುಳಿನ ಒಂದು ಜಾಲ ಚುರುಕಾಗಿರುತ್ತದೆ. ಅದರ ಮುಖ್ಯ ಕೂಡುನೆಲೆ ಸಿಂಗ್ಯುಲೇಟ್ ಮಡಿಕೆಯ ಹಿಂಭಾಗ. ಧೂಮಪಾನಿ ಸಿಗರೇಟಿನ ಚಿತ್ರ ನೋಡಿ 'ನನಗೆ ಬೇಕು, ಈಗಲೇ ಬೇಕು' ಎಂಬ ಸೆಳೆತಕ್ಕೆ ಸಿಲುಕಿದಾಗಲೂ ಈ ಭಾಗ ಎಚ್ಚರಗೊಳ್ಳುತ್ತದೆ. ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಮನೋವೈದ್ಯ ಜಡ್ಸನ್ ಬ್ರೂವರ್ ಮತ್ತು ಸಂಗಡಿಗರು, ಬಹುಕಾಲ ಧ್ಯಾನ ಮಾಡಿದವರಲ್ಲಿ ಈ ಭಾಗ ಧ್ಯಾನದ ಹೊತ್ತಿನಲ್ಲಿ ಶಾಂತವಾಗಿರುವುದನ್ನು 2011ರಲ್ಲಿ ತೋರಿಸಿದರು. ಅವರದೇ ತಂಡ 2019ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಧೂಮಪಾನಿಗಳ ಒಂದು ಗುಂಪು ಮೊಬೈಲ್ ಫೋನಿನ ಮೂಲಕ ನಾಲ್ಕು ವಾರ ಸಾವಧಾನ ಧ್ಯಾನ ಕಲಿಯಿತು, ಇನ್ನೊಂದು ಗುಂಪು ಧೂಮಪಾನ ಬಿಡುವ ಸಾಮಾನ್ಯ ಸಲಹೆ ಪಡೆಯಿತು. ಧ್ಯಾನ ಕಲಿತವರಲ್ಲಿ, ಸಿಗರೇಟಿನ ಚಿತ್ರಕ್ಕೆ ಈ ಹಿಂಭಾಗ ತೋರುವ ಪ್ರತಿಕ್ರಿಯೆ ಯಾರಲ್ಲಿ ಎಷ್ಟು ಇಳಿದಿತ್ತೋ, ಅವರು ಸೇದುವ ಸಿಗರೇಟುಗಳ ಸಂಖ್ಯೆಯೂ ಅಷ್ಟಷ್ಟು ಇಳಿದಿತ್ತು. ಇನ್ನೊಂದು ಗುಂಪಿನಲ್ಲಿ ಈ ಬಗೆಯ ನಂಟು ಕಾಣಲಿಲ್ಲ.

ಚಿತ್ರಗಳ ಮಾತು ಇರಲಿ, ಜನ ಸಿಗರೇಟು ಬಿಟ್ಟರೇ ಎಂದು ನೀವು ಕೇಳಬೇಕು. ಅದೇ ಸರಿಯಾದ ಪ್ರಶ್ನೆ. ಬ್ರೂವರ್ ತಂಡ 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ದಿನಕ್ಕೆ ಸರಾಸರಿ 20 ಸಿಗರೇಟು ಸೇದುತ್ತಿದ್ದ 88 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಸಾವಧಾನ ಧ್ಯಾನವನ್ನೂ ಇನ್ನೊಂದಕ್ಕೆ ಅಮೆರಿಕದಲ್ಲಿ ರೂಢಿಯಲ್ಲಿದ್ದ ಧೂಮಪಾನ ಬಿಡಿಸುವ ಪಾಠವನ್ನೂ ವಾರಕ್ಕೆ ಎರಡು ಸಲದಂತೆ ನಾಲ್ಕು ವಾರ ಕಲಿಸಲಾಯಿತು. 17 ವಾರಗಳ ನಂತರ ನೋಡಿದಾಗ, ಧ್ಯಾನದ ಗುಂಪಿನಲ್ಲಿ ಶೇಕಡಾ 31, ಇನ್ನೊಂದು ಗುಂಪಿನಲ್ಲಿ ಶೇಕಡಾ 6 ಮಂದಿ ಸಿಗರೇಟಿನಿಂದ ದೂರವಿದ್ದರು. ಈ ಧ್ಯಾನದ ಗುಂಪನ್ನೇ ಮತ್ತೆ ಪರಿಶೀಲಿಸಿದಾಗ ಇನ್ನೊಂದು ಸೂಕ್ಷ್ಮ ತಿಳಿಯಿತು. ತರಬೇತಿಗೆ ಮೊದಲು, ತುಡಿತ ಹೆಚ್ಚಿದ್ದವರು ಹೆಚ್ಚು ಸೇದುತ್ತಿದ್ದರು. ತರಬೇತಿಯ ಕೊನೆಗೆ ಆ ಸಂಬಂಧ ಕಡಿದುಹೋಗಿತ್ತು. ಬಿಟ್ಟವರಲ್ಲೂ ತುಡಿತ ಕೂಡಲೇ ಹೋಗಲಿಲ್ಲ, ಸೇದುವುದು ನಿಂತ ಮೇಲೆ ಅದು ನಿಧಾನವಾಗಿ ಇಳಿಯಿತು. ಎಣ್ಣೆ ಹೊಯ್ಯುವುದನ್ನು ನಿಲ್ಲಿಸಿದೊಡನೆ ದೀಪ ಆರುವುದಿಲ್ಲ. ಬತ್ತಿಯಲ್ಲಿರುವ ಎಣ್ಣೆ ತೀರುವವರೆಗೆ ಉರಿದು ಆಮೇಲೆ ಆರುತ್ತದೆ. 'ಬಿಟ್ಟು ಹತ್ತು ದಿನವಾಯಿತು, ಇನ್ನೂ ಬೇಕೆನಿಸುತ್ತದೆ, ನನ್ನಿಂದಾಗದು' ಎಂದು ಕೈಚೆಲ್ಲುವವರು ಈ ಮಾತನ್ನು ಅವಶ್ಯ ತಿಳಿದಿರಬೇಕು.

ವಿಜ್ಞಾನದ ವಿದ್ಯಾರ್ಥಿಗಳಾದ ನೀವು ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಮೇಲೆ ಹೇಳಿದ ಅಧ್ಯಯನಗಳೆಲ್ಲ ಸಣ್ಣವು, ಕೆಲವು ಡಜನ್ ಮಂದಿಯಿಂದ ನೂರಿಪ್ಪತ್ತು ಮಂದಿಯವರೆಗಿನವು. ಮೊಬೈಲ್ ಮೂಲಕ ಧ್ಯಾನ ಕಲಿಸುವ ಪದ್ಧತಿಯನ್ನು ಐನೂರಕ್ಕೂ ಹೆಚ್ಚು ಮಂದಿಯ ಮೇಲೆ ಪರೀಕ್ಷಿಸಿದಾಗ, ಆರು ತಿಂಗಳ ಕೊನೆಗೆ ಪೂರ್ತಿ ಬಿಟ್ಟವರ ಪ್ರಮಾಣದಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2022ರಲ್ಲಿ ಇಂಥ 21 ಅಧ್ಯಯನಗಳನ್ನು ಪರಿಶೀಲಿಸಿತು. ಬೇರೆ ಬಗೆಯ ನೆರವಿಗಿಂತ ಧ್ಯಾನದಿಂದ ಹೆಚ್ಚು ಮಂದಿ ಬಿಡುತ್ತಾರೆನ್ನಲು ಸ್ಪಷ್ಟ ಆಧಾರ ಇನ್ನೂ ಇಲ್ಲ, ಇರುವ ಆಧಾರವೂ ದುರ್ಬಲ ಎಂಬುದು ಅದರ ತೀರ್ಮಾನ. ಮೆದುಳಿನ ಚಿತ್ರದಲ್ಲಿ ಬದಲಾವಣೆ ಕಂಡಿತೆಂದ ಮಾತ್ರಕ್ಕೆ ಬದುಕಿನಲ್ಲಿಯೂ ಅದು ಗೆಲ್ಲುತ್ತದೆಂದು ಹೇಳಲಾಗದು. ಆದ್ದರಿಂದ ಧ್ಯಾನವೊಂದೇ ಸಾಕು, ಔಷಧ ಬೇಡ, ವೈದ್ಯರು ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಧ್ಯಾನವನ್ನು ಪ್ರಯಾಣದಲ್ಲಿ ಜೊತೆಗಾರನನ್ನಾಗಿ ಕರೆದುಕೊಳ್ಳಬಹುದು. ಬಂಡಿ ಎಳೆಯುವ ಭಾರವನ್ನೆಲ್ಲ ಅದೊಂದರ ಮೇಲೆ ಹೊರಿಸಬಾರದು.

ಹಾಗಾದರೆ ಇದನ್ನು ಮಾಡುವುದು ಹೇಗೆ? ಮೊದಲ ಹೆಜ್ಜೆ ಬಹಳ ಸರಳ. ಬೆನ್ನು ನೆಟ್ಟಗಿರಿಸಿ ಕುಳಿತುಕೊಳ್ಳಿ. ಉಸಿರು ಮೂಗಿನ ಹೊಳ್ಳೆಗಳಲ್ಲಿ ಒಳಹೋಗುವುದನ್ನೂ ಹೊರಬರುವುದನ್ನೂ ಗಮನಿಸಿ. ಮನಸ್ಸು ಓಡಿಹೋಗುತ್ತದೆ, ಅದರ ಸ್ವಭಾವವೇ ಅದು. ಓಡಿತೆಂದು ತಿಳಿದಾಗ ಬೈಯದೆ ಮತ್ತೆ ಉಸಿರಿಗೆ ಕರೆತನ್ನಿ. ದಿನಕ್ಕೆ ಹತ್ತು ನಿಮಿಷ ಸಾಕು. ಹೀಗೆ ಮರಳಿ ಕರೆತರುವುದೇ ಅಭ್ಯಾಸ. ವ್ಯಾಯಾಮದಲ್ಲಿ ಭಾರವನ್ನು ಮತ್ತೆ ಮತ್ತೆ ಎತ್ತಿದಂತೆ.

ಎರಡನೆಯದು ತುಡಿತ ಬಂದಾಗ ಮಾಡುವುದು. ಇದರಲ್ಲಿ ನಾಲ್ಕು ಮೆಟ್ಟಿಲುಗಳಿವೆ. 'ಇಗೋ, ಸೇದುವ ತುಡಿತ ಬಂದಿದೆ' ಎಂದು ಗುರುತಿಸುವುದು ಮೊದಲನೆಯದು. 'ಬಂದಿದೆ, ಇರಲಿ' ಎಂದು ಒಪ್ಪಿಕೊಳ್ಳುವುದು ಎರಡನೆಯದು. ಒಪ್ಪಿಕೊಳ್ಳುವುದೆಂದರೆ ಸೇದುವುದಲ್ಲ, ಅದರೊಡನೆ ಕುಸ್ತಿಗಿಳಿಯದಿರುವುದು. ಅದು ಮೈಯಲ್ಲಿ ಎಲ್ಲಿದೆಯೆಂದು ಪರೀಕ್ಷಿಸುವುದು ಮೂರನೆಯದು. ಎದೆಯಲ್ಲಿ ಬಿಗಿತವೇ? ಬಾಯಿ ಒಣಗಿದೆಯೇ? ಕೈಯಲ್ಲಿ ಚಡಪಡಿಕೆಯೇ? ಇನ್ಸುಲಾದ ಮಾತು ನೆನಪಿದೆಯಲ್ಲವೇ? ತುಡಿತ ಮೈಯ ಸುದ್ದಿ, ಅದನ್ನು ಸುದ್ದಿಯಾಗಿಯೇ ಕೇಳಬೇಕು. 'ಬಿಗಿತ, ಬಿಸಿ, ಏರುತ್ತಿದೆ, ಇಳಿಯುತ್ತಿದೆ' ಎಂದು ಮನಸ್ಸಿನಲ್ಲೇ ಹೆಸರಿಡುತ್ತ ಹೋಗುವುದು ನಾಲ್ಕನೆಯದು. ಕೆಲವೇ ನಿಮಿಷಗಳಲ್ಲಿ ಅಲೆ ಇಳಿಯುತ್ತದೆ. ಮತ್ತೊಂದು ಅಲೆ ಬರುತ್ತದೆ, ಅದೂ ಇಳಿಯುತ್ತದೆ. ಸೇದದೆ ಇಳಿದ ಪ್ರತಿ ಅಲೆಯೂ ಮೆದುಳಿಗೆ ಒಂದು ಹೊಸ ಪಾಠ: ತುಡಿತವನ್ನು ಕಳೆಯಲು ಸಿಗರೇಟು ಬೇಕಾಗಿಲ್ಲ.

ಸಿಗರೇಟು ಮುಟ್ಟದ ನಿಮ್ಮಲ್ಲಿ ಬಹುಮಂದಿಯೂ ಇದನ್ನು ಇಂದೇ ಪರೀಕ್ಷಿಸಬಹುದು. ಸೊಳ್ಳೆ ಕಚ್ಚಿದ ಜಾಗದಲ್ಲಿ ತುರಿಕೆ ಬಂದಾಗ ಕೆರೆಯದೆ ಒಂದೆರಡು ನಿಮಿಷ ಅದನ್ನೇ ಗಮನಿಸಿ. ಓದುತ್ತಿರುವಾಗ ಫೋನ್ ಎತ್ತಿಕೊಳ್ಳಬೇಕೆನಿಸಿದರೆ, ಎತ್ತುವ ಮೊದಲು ಆ ಎನಿಸಿಕೆ ಮೈಯಲ್ಲಿ ಎಲ್ಲಿದೆಯೆಂದು ನೋಡಿ. ಏರುವುದು, ಇಳಿಯುವುದು ಎಂದರೇನೆಂದು ನಿಮಗೇ ತಿಳಿಯುತ್ತದೆ.

ಚಟ ಈಗಾಗಲೇ ಅಂಟಿಕೊಂಡಿದ್ದರೆ ನಾಚಿಕೊಂಡು ಮುಚ್ಚಿಡಬೇಡಿ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356 ಉಚಿತ ದೂರವಾಣಿ ಸಂಖ್ಯೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಕೇಂದ್ರದ ಮೂಲಕ ಕನ್ನಡದಲ್ಲಿಯೂ ಇದರ ಸಲಹೆ ಸಿಗುತ್ತದೆ. ಕೊರೆಯುವ ತುಡಿತವನ್ನು ತಗ್ಗಿಸಲು ನಿಕೋಟಿನ್ ಚೂಯಿಂಗ್ ಗಮ್ ಇದೆ, ಔಷಧಗಳಿವೆ. ಅವನ್ನು ವೈದ್ಯರ ಸಲಹೆಯಂತೆ ಬಳಸಬೇಕು. ಔಷಧದ ಬಲ, ಸಲಹೆಗಾರರ ಮಾತು, ಸಾವಧಾನದ ಅಭ್ಯಾಸ, ಮನೆಯವರ ಪ್ರೋತ್ಸಾಹ ಇವು ಒಂದಕ್ಕೊಂದು ವಿರೋಧಿಗಳಲ್ಲ. ಒಂದು ಸಲ ಜಾರಿದರೆ ಎಲ್ಲವೂ ಮುಗಿಯಿತೆಂದೂ ತಿಳಿಯಬೇಡಿ. ಹಲವರು ಹಲವು ಸಲ ಪ್ರಯತ್ನಿಸಿದ ಮೇಲೆಯೇ ಪೂರ್ತಿಯಾಗಿ ಬಿಟ್ಟಿರುವುದು.

ಶಾಲಾ ಕಾಲೇಜುಗಳಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯಿದೆ ಹೇಳುತ್ತದೆ. ನಮ್ಮ ರಾಜ್ಯದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ 21 ವರ್ಷದೊಳಗಿನವರಿಗೆ ಅದನ್ನು ಮಾರುವಂತಿಲ್ಲ. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಹುದು. ಮೆದುಳಿನೊಳಗಿನ ಬಾಗಿಲುಗಳನ್ನು ಮೊದಲ ದಮ್ಮಿಗೆ ತೆರೆಯದಂತೆ ಕಾಯುವವರು ನೀವೇ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಯಾರಾದರೂ ಬೀಡಿಯನ್ನೋ ಸಿಗರೇಟನ್ನೋ ಬಿಡಲು ಹೆಣಗುತ್ತಿದ್ದರೆ, ಮನಸ್ಸು ಗಟ್ಟಿಯಿಲ್ಲವೆಂದು ಅವರನ್ನು ಚುಚ್ಚಬೇಡಿ. ಊಟವಾದ ಮೇಲೆ ಅವರ ಕೈ ಜೇಬಿನ ಕಡೆ ಹೋಗುವ ಹೊತ್ತಿಗೆ ಪಕ್ಕದಲ್ಲಿ ಕುಳಿತು, 'ಅಪ್ಪಾ, ಐದು ನಿಮಿಷ ತಡೆಯಿರಿ, ನಾನೂ ನಿಮ್ಮ ಜೊತೆ ಕೂರುತ್ತೇನೆ' ಎನ್ನಿ. ಆ ಐದು ನಿಮಿಷದಲ್ಲಿ ಒಂದು ಅಲೆ ಇಳಿದುಹೋಗಬಹುದು.